ಶಿಯಾನ್‌ನಲ್ಲಿ ಒಂದೇ ದಿನ: ಕೋಟೆಗೋಡೆ, ಮಣ್ಣಿನ ಸೈನಿಕರು ಮತ್ತು ಸಸ್ಯಾಹಾರಿಗಳ ಊಟ

ತುಂಗಾತೀರ

ಬೀಜಿಂಗ್‌ನಿಂದ ರಾತ್ರಿ ಶಿಯಾನ್ ತಲುಪಿ, ಮರುದಿನ ಪೂರ್ತಿ ಊರು ನೋಡಿ, ಅದರ ಮಾರನೇ ಬೆಳಿಗ್ಗೆ ಚೆಂಗ್ಡು ರೈಲು ಹತ್ತಬೇಕು. ಅಕ್ಟೋಬರ್ ಮೂರನೇ ವಾರ. ನಾಲ್ಕು ಜನ, ಒಬ್ಬರಿಗೆ ಎಪ್ಪತ್ತು ದಾಟಿದೆ, ಇಬ್ಬರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಮಣ್ಣಿನ ಸೈನಿಕರು, ಕೋಟೆಗೋಡೆ, ಗಂಟೆ ಗೋಪುರ, ದೊಡ್ಡ ಮಸೀದಿ, ಬೌದ್ಧ ಗೋಪುರ, ಇತಿಹಾಸ ಮ್ಯೂಸಿಯಂ, ರಾತ್ರಿ ದೀಪದ ಬೀದಿ ಎಲ್ಲವೂ ಒಂದೇ ದಿನಕ್ಕೆ ಇವೆ. ಇದು ಆಗುವ ಮಾತೇ? ಆಗದಿದ್ದರೆ ಯಾವುದನ್ನು ಬಿಡುವುದು?

ನಕ್ಷೆಪ್ರಿಯ

ಆಗುವುದಿಲ್ಲ. ಲೆಕ್ಕ ನೋಡಿ.

ಮಣ್ಣಿನ ಸೈನಿಕರು, ಅಂದರೆ ಚೀನಾದ ಮೊದಲ ಚಕ್ರವರ್ತಿಯ ಸಮಾಧಿಯ ಕಾವಲಿಗೆ ಹೂತಿಟ್ಟ ಟೆರಾಕೋಟಾ ಪ್ರತಿಮೆಗಳು, ಇರುವುದು ಊರೊಳಗಲ್ಲ, ಪೂರ್ವಕ್ಕೆ ಸುಮಾರು 40 ಕಿ.ಮೀ. ದೂರದ ಲಿನ್‌ಟಾಂಗ್‌ನಲ್ಲಿ. ಗಂಟೆ ಗೋಪುರದ ಕೆಳಗಿನ ಝೊಂಗ್‌ಲೋ ನಿಲ್ದಾಣದಲ್ಲಿ ಮೆಟ್ರೋ 2ನೇ ಮಾರ್ಗ ಹಿಡಿದರೆ ಮುಂದಿನ ನಿಲ್ದಾಣ ಬೇಯ್‌ದಾಜಿಯೆ. ಅಲ್ಲಿ 1ನೇ ಮಾರ್ಗಕ್ಕೆ ಬದಲಾಯಿಸಿ ಫಾಂಗ್‌ಝಿಚೆಂಗ್, ಅಲ್ಲಿಂದ 9ನೇ ಮಾರ್ಗದಲ್ಲಿ ಹುವಾಚಿಂಗ್‌ಚಿ, ಹೊರಗೆ ಬಂದು 613ನೇ ನಂಬರಿನ ಸಿಟಿ ಬಸ್. ಎಲ್ಲ ಸೇರಿ ಒಂದು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಬಸ್ ಇಳಿದ ಮೇಲೂ ಪ್ರವೇಶದ್ವಾರ, ತಪಾಸಣೆ, ಅಲ್ಲಿಂದ ಸೈನಿಕರನ್ನು ಅಗೆದು ತೆಗೆದ ಗುಂಡಿಗಳವರೆಗೆ ಹದಿನೈದು ನಿಮಿಷದ ನಡಿಗೆ. ಮೂರು ಗುಂಡಿ ನೋಡಲು ಕನಿಷ್ಠ ಎರಡೂವರೆ ಗಂಟೆ. ವಾಪಸು ಮತ್ತೆ ಒಂದು ಮುಕ್ಕಾಲು. ಅಂದರೆ ಬೆಳಿಗ್ಗೆ 7:30ಕ್ಕೆ ಹೊರಟವರು ಊರಿಗೆ ಮರಳುವಾಗ ಮಧ್ಯಾಹ್ನ ಎರಡಾಗಿರುತ್ತದೆ, ಊಟ ಇನ್ನೂ ಆಗಿರುವುದಿಲ್ಲ.

ಟ್ಯಾಕ್ಸಿ ಮಾಡಿದರೆ ಹೋಗಿಬರುವುದರಲ್ಲಿ ಒಂದು ಗಂಟೆ ಉಳಿಯಬಹುದು. ಅದಕ್ಕಿಂತ ಹೆಚ್ಚಿಲ್ಲ, ಬೆಳಗಿನ ಟ್ರಾಫಿಕ್ ಅಲ್ಲೂ ಇದೆ.

ಹಾಗಾಗಿ ದಿನ ಒಂದೇ ಇದ್ದರೆ ಎರಡರಲ್ಲಿ ಒಂದು: ಸೈನಿಕರ ದಿನ, ಇಲ್ಲವೇ ಊರಿನ ದಿನ. ಎರಡನ್ನೂ ತುರುಕಿದರೆ ಎಪ್ಪತ್ತು ದಾಟಿದವರು ಸಂಜೆಗೆ ಹೋಟೆಲಿನಿಂದ ಏಳುವುದಿಲ್ಲ.

ಇಟ್ಟಿಗೆಗಾರೆ

ನನ್ನ ಮತ ಊರಿನ ದಿನಕ್ಕೆ. ಮಣ್ಣಿನ ಸೈನಿಕರ ಫೋಟೊ ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಆದರೆ 13.74 ಕಿ.ಮೀ. ಉದ್ದದ, ನಾಲ್ಕೂ ಕಡೆ ಮುಚ್ಚಿಕೊಂಡ, ಮೇಲೆ ಸುತ್ತು ಹಾಕಬಹುದಾದ ಇಷ್ಟು ದೊಡ್ಡ ನಗರಕೋಟೆ ಚೀನಾದಲ್ಲೇ ಅಪರೂಪ. ಬೀಜಿಂಗ್ ತನ್ನ ಗೋಡೆಯನ್ನು 20ನೇ ಶತಮಾನದಲ್ಲಿ ಕೆಡವಿಕೊಂಡಿತು, ಶಿಯಾನ್ ಉಳಿಸಿಕೊಂಡಿತು.

ಗೋಡೆ ಮಿಂಗ್ ಅರಸರ ಕಾಲದ್ದು, 1370ರ ದಶಕದಲ್ಲಿ ಕಟ್ಟಿದ್ದು. ಒಳಗೆ ದಮ್ಮಸು ಮಾಡಿದ ಮಣ್ಣು, ಹೊರಗೆ ಇಟ್ಟಿಗೆ. ಇಟ್ಟಿಗೆಯ ಕವಚ ಬಂದದ್ದು ಸುಮಾರು ಎರಡು ಶತಮಾನ ತಡವಾಗಿ, 1568ರಲ್ಲಿ. ಎತ್ತರ 12 ಮೀಟರ್, ಮೇಲಿನ ಅಗಲ 12ರಿಂದ 14 ಮೀಟರ್, ಬುಡ ಇನ್ನೂ ಅಗಲ. ಎತ್ತರಕ್ಕಿಂತ ದಪ್ಪವೇ ಹೆಚ್ಚು ಅನ್ನುವುದು ಮೇಲೆ ನಿಂತಾಗ ಗೊತ್ತಾಗುತ್ತದೆ.

ಒಂದು ಸಂಗತಿ ಗಮನಿಸಿ ನೋಡಿ. ಸುಮಾರು 120 ಮೀಟರಿಗೊಂದರಂತೆ ಗೋಡೆಯಿಂದ ಚೌಕಾಕಾರದ ಕೊತ್ತಳ ಹೊರಚಾಚಿದೆ, ಒಟ್ಟು 98. ಅಂತರ ಅಷ್ಟೇ ಯಾಕೆ? ಗೋಡೆಯ ಬುಡಕ್ಕೆ ಬಂದು ಏಣಿ ಹಾಕುವವನನ್ನು ನೇರ ಮೇಲಿನಿಂದ ಹೊಡೆಯುವುದು ಕಷ್ಟ, ಬಿಲ್ಲುಗಾರ ಹೊರಗೆ ಬಗ್ಗಬೇಕಾಗುತ್ತದೆ. ಕೊತ್ತಳದಲ್ಲಿ ನಿಂತವನಿಗೆ ಪಕ್ಕದಿಂದ ಗುರಿ ಸಿಗುತ್ತದೆ. ಎರಡು ಕೊತ್ತಳಗಳ ನಡುವಿನ ಜಾಗವನ್ನು ಇಬ್ಬರು ಅರ್ಧರ್ಧ, ಅಂದರೆ 60 ಮೀಟರ್ ಹಂಚಿಕೊಂಡರೆ ಬಾಣ ಮುಟ್ಟುವ ದೂರದೊಳಗೆ ಗೋಡೆಯ ಒಂದು ಅಡಿಯೂ ಬಿಟ್ಟುಹೋಗುವುದಿಲ್ಲ. ದಕ್ಷಿಣ ಬಾಗಿಲಿನ ಮೇಲಿಂದ ಹೊರಗೋಡೆಯನ್ನು ಒಂದೇ ಗೆರೆಯಲ್ಲಿ ನೋಡಿದರೆ ಈ ಲೆಕ್ಕ ಕಣ್ಣಿಗೆ ಕಟ್ಟುತ್ತದೆ.

ಚೀಲಹೆಗಲು

ಇಟ್ಟಿಗೆಗಾರೆ ಅವರೇ, ಸೈನಿಕರನ್ನು ಹಾಗೆ ಪಠ್ಯಪುಸ್ತಕಕ್ಕೆ ಸೇರಿಸಿ ಕೈತೊಳೆದುಕೊಳ್ಳಬೇಡಿ. 1ನೇ ಗುಂಡಿ 230 ಮೀಟರ್ ಉದ್ದ, 62 ಮೀಟರ್ ಅಗಲ. ಅದರ ಅಂಚಿನಲ್ಲಿ ನಿಂತಾಗ ಆಗುವುದು ಫೋಟೊದಲ್ಲಿ ಆಗುವುದಿಲ್ಲ. ಶಿಯಾನ್‌ಗೆ ಎರಡನೇ ಸಲ ಬರುವ ಯೋಗ ಎಷ್ಟು ಜನರಿಗಿದೆ ಹೇಳಿ.

ಇಟ್ಟಿಗೆಗಾರೆ

ಒಪ್ಪಿದೆ, ದೊಡ್ಡದೇ. ಆದರೆ ಹೋಗುವವರು ತಿಳಿದುಕೊಂಡು ಹೋಗಲಿ, ಇಲ್ಲದಿದ್ದರೆ ಜನಜಂಗುಳಿಯಲ್ಲಿ ತಲೆಗಳ ಮೇಲಿಂದ ಮೊಬೈಲ್ ಎತ್ತಿ ಹಿಡಿದು ಬರುವುದೇ ಆಗುತ್ತದೆ.

1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿದ್ದು. ಮೂರೂ ಗುಂಡಿ ಸೇರಿ ಸುಮಾರು 8,000 ಪ್ರತಿಮೆಗಳಿರಬಹುದೆಂಬ ಅಂದಾಜು, ಬಹುಪಾಲು ಇನ್ನೂ ಮಣ್ಣಡಿಯಲ್ಲೇ ಇವೆ. ನಿಂತಿರುವ ಸೈನಿಕರು ಹಾಗೇ ನಿಂತ ಸ್ಥಿತಿಯಲ್ಲಿ ಸಿಕ್ಕವರಲ್ಲ. ಮರದ ತೊಲೆಯ ಚಾವಣಿ ಸುಟ್ಟು ಕುಸಿದಾಗ ಪುಡಿಯಾಗಿದ್ದ ಚೂರುಗಳನ್ನು ಜೋಡಿಸಿ ನಿಲ್ಲಿಸಿದ್ದಾರೆ. 1ನೇ ಗುಂಡಿಯ ಹಿಂಭಾಗದಲ್ಲಿ ಆ ಜೋಡಣೆ ನಡೆಯುವ ಜಾಗ ಕಾಣುತ್ತದೆ, ಜನ ಮುಂಭಾಗದಲ್ಲೇ ನೂಕಾಡುತ್ತಾರೆ. ಮಂಡಿಯೂರಿದ ಬಿಲ್ಲುಗಾರರು ಮಾತ್ರ ಹೆಚ್ಚು ಕೆಡದೆ ಉಳಿದರು. ಎತ್ತರ 1.2 ಮೀಟರ್ ಅಷ್ಟೇ, ಭಾರ ಮೂರು ಕಡೆ ಊರಿಕೊಂಡಿದೆ, ಕುಸಿದ ಚಾವಣಿಯ ಪೆಟ್ಟು ಎತ್ತರದವರ ಮೇಲೇ ಮೊದಲು ಬಿತ್ತು.

ಬಣ್ಣ ಎಲ್ಲಿ ಹೋಯಿತು ಅಂತ ಎಲ್ಲರೂ ಕೇಳುತ್ತಾರೆ. ಮಣ್ಣಿನ ಮೇಲೆ ಅರಗಿನಂಥ ಮರದ ಅಂಟಿನ ಪದರ, ಅದರ ಮೇಲೆ ಬಣ್ಣ ಹಚ್ಚಿದ್ದರು. ಎರಡು ಸಾವಿರ ವರ್ಷ ತೇವದಲ್ಲಿದ್ದ ಆ ಪದರ ಒಣಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಸುರುಳಿಯೆದ್ದು ಬಣ್ಣದ ಸಮೇತ ಕಳಚಿಬೀಳುತ್ತದೆ. ಅಗೆತ ಇಷ್ಟು ನಿಧಾನವಾಗಿರುವುದಕ್ಕೆ ಇದೂ ಒಂದು ಕಾರಣ.

ನಕ್ಷೆಪ್ರಿಯ

ಹೋಗುವುದೇ ಆದರೆ ಇಷ್ಟು ನೆನಪಿಡಿ. ಟಿಕೆಟ್ 120 ಯುವಾನ್. ಪಾಸ್‌ಪೋರ್ಟ್ ನಂಬರ್ ಕೊಟ್ಟು ಮುಂಗಡ ಬುಕ್ ಮಾಡಬೇಕು, ಬಾಗಿಲಲ್ಲಿ ಅದೇ ಪಾಸ್‌ಪೋರ್ಟ್ ತೋರಿಸಬೇಕು, ಜೆರಾಕ್ಸ್ ನಡೆಯುವುದಿಲ್ಲ. ಅದೇ ಟಿಕೆಟ್ಟಿನಲ್ಲಿ ಚಕ್ರವರ್ತಿಯ ಸಮಾಧಿ ಉದ್ಯಾನವೂ ಸೇರಿದೆ, ನಡುವೆ ಉಚಿತ ಬಸ್ ಓಡುತ್ತದೆ. 1980ರಲ್ಲಿ ಸಿಕ್ಕ ಎರಡು ಕಂಚಿನ ರಥಗಳು ಈಗ ಗುಂಡಿಗಳ ಬಳಿ ಇಲ್ಲ, ಆ ಉದ್ಯಾನದ ಕಡೆ ಕಟ್ಟಿದ ಹೊಸ ಮ್ಯೂಸಿಯಂಗೆ ಹೋಗಿವೆ. ಹಳೇ ಬ್ಲಾಗು ಓದಿ ಬಂದವರು ಗುಂಡಿಗಳ ಪಕ್ಕದಲ್ಲೇ ಹುಡುಕುತ್ತಾ ಅರ್ಧ ಗಂಟೆ ಕಳೆಯುತ್ತಾರೆ.

ಗುಂಡಿಗಳ ಕ್ರಮ: ಬಾಗಿಲು ತೆರೆಯುವ ಹೊತ್ತಿಗೇ ತಲುಪಿದರೆ ನೇರ 1ಕ್ಕೆ ಹೋಗಿ. ಗುಂಪು ಟೂರುಗಳು ಬಂದಮೇಲೆ ತಲುಪಿದರೆ 3, 2, ಆಮೇಲೆ 1. 3ನೆಯದು ಚಿಕ್ಕದು, ಸೇನಾ ಕಚೇರಿಯಂತಿದೆ, ಹತ್ತು ನಿಮಿಷ ಸಾಕು. 2ರೊಳಗೆ ಕತ್ತಲೆ ಜಾಸ್ತಿ, ಹೆಚ್ಚಿನಂಶ ಇನ್ನೂ ಅಗೆದಿಲ್ಲ, ಆದರೆ ಬಿಲ್ಲುಗಾರ, ಕುದುರೆ ಸವಾರರನ್ನು ಗಾಜಿನ ಪೆಟ್ಟಿಗೆಯಲ್ಲಿ ಹತ್ತಿರದಿಂದ ನೋಡಬಹುದು. ಬಿಲ್ಲುಗಾರನ ಬೂಟಿನ ಅಟ್ಟೆಯ ಹೊಲಿಗೆ ಕೂಡ ಕಾಣುತ್ತದೆ, ಪೆಟ್ಟಿಗೆಯ ಹಿಂದೆ ಹೋಗಿ ಬಗ್ಗಿ ನೋಡಿ.

ರೈಲು ನಿಲ್ದಾಣದ ಹತ್ತಿರ “ಸೈನಿಕರಿಗೆ ನೇರ ಬಸ್” ಎಂದು ಕೈಹಿಡಿದು ಕರೆಯುವವರ ವಾಹನ ಹತ್ತಬೇಡಿ. ದಾರಿಯಲ್ಲಿ ಜೇಡ್ ಅಂಗಡಿ, ನಕಲಿ ಗುಂಡಿಯ ಪ್ರದರ್ಶನ ಎಲ್ಲ ಸುತ್ತಿಸಿ ಮಧ್ಯಾಹ್ನಕ್ಕೆ ತಲುಪಿಸುತ್ತಾರೆ.

ತುಂಗಾತೀರ

ಮನೆಯಲ್ಲಿ ಮಾತಾಡಿದೆವು. ಊರಿನ ದಿನವೇ ಸರಿ ಅಂತಾಯಿತು. ಹಿರಿಯರಿಗೆ ಗೋಡೆಯ ಮೇಲೆ ಹೋಗುವುದು ಸಾಧ್ಯವೇ? ಸೈಕಲ್ ಸಿಗುತ್ತದಂತೆ?

ನಕ್ಷೆಪ್ರಿಯ

ಸಿಗುತ್ತದೆ. ಗೋಡೆಗೆ ಟಿಕೆಟ್ 54 ಯುವಾನ್, ಸೈಕಲ್ಲಿಗೆ ಬೇರೆ ಬಾಡಿಗೆ: ಒಬ್ಬರದು ಸುಮಾರು 45, ಇಬ್ಬರು ತುಳಿಯುವುದು ಅದರ ಎರಡರಷ್ಟು, ಮೇಲೆ ಮುಂಗಡ ಠೇವಣಿ. ದಕ್ಷಿಣದ ಯೊಂಗ್‌ನಿಂಗ್‌ಮೆನ್ ಬಾಗಿಲಲ್ಲೇ ಹತ್ತಿ. ಮೆಟ್ರೋ 2ನೇ ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣವಿದೆ.

ಪೂರ್ತಿ ಸುತ್ತಿಗೆ ಒಂದೂವರೆಯಿಂದ ಎರಡು ಗಂಟೆ ಬೇಕು. 13.74 ಕಿ.ಮೀ. ಅಂದರೆ ಡಾಂಬರು ರಸ್ತೆಯಲ್ಲಿ ಮುಕ್ಕಾಲು ಗಂಟೆಯ ಮಾತು, ಇಲ್ಲಿ ಹಾಗಲ್ಲ. ನೆಲ ಇಟ್ಟಿಗೆಯದ್ದು, ಸಂದುಗಳು ಸವೆದಿವೆ, ಹ್ಯಾಂಡಲ್ ಉದ್ದಕ್ಕೂ ಗಡಗಡ ಅನ್ನುತ್ತದೆ. ಬಾಡಿಗೆ ಸೈಕಲ್ಲಿನಲ್ಲಿ ಮೂರು ವಿಷಯ ನೋಡಿಕೊಳ್ಳಿ: ಬ್ರೇಕ್ ಎರಡೂ ಹಿಡಿಯುತ್ತವೆಯೇ, ಸೀಟಿನ ಬೋಲ್ಟ್ ಬಿಗಿಯಾಗಿದೆಯೇ (ಗಡಗಡಕ್ಕೆ ಸಡಿಲವಾಗಿ ಸೀಟು ಇಳಿದುಹೋಗುತ್ತದೆ), ಟೈರಿನಲ್ಲಿ ಗಾಳಿ ಇದೆಯೇ. ಬೇರೆ ಬಾಗಿಲಲ್ಲಿ ಸೈಕಲ್ ವಾಪಸು ಕೊಡಬಹುದೇ ಅಂತ ಹೊರಡುವ ಮುಂಚೆ ಕೌಂಟರಿನಲ್ಲೇ ಕೇಳಿ. ಮಳೆ ಬಂದರೆ ಸೈಕಲ್ ಕೊಡುವುದಿಲ್ಲ, ಒದ್ದೆ ಇಟ್ಟಿಗೆ ಜಾರುತ್ತದೆ.

ಹಿರಿಯರಿಗೆ ಸೈಕಲ್ ಬೇಡ. ದಕ್ಷಿಣ ಬಾಗಿಲಿಂದ ಪೂರ್ವಕ್ಕೆ ವೆನ್‌ಚಾಂಗ್‌ಮೆನ್ ಬಾಗಿಲವರೆಗೆ ನಡೆದು ಇಳಿದರೆ ಸಾಕು, ಒಂದು ಕಿ.ಮೀ. ಕೂಡ ಇಲ್ಲ. ಇಳಿದ ಕಡೆಯೇ ಶಿಲಾಶಾಸನಗಳ ಬೇಲಿನ್ ಮ್ಯೂಸಿಯಂ. ಹತ್ತುವುದು ಮಾತ್ರ ಕಡಿದಾದ ಮೆಟ್ಟಿಲು, ಕೈಹಿಡಿ ಇರುವ ಬದಿಯಲ್ಲೇ ಹೋಗಲಿ. ಗೋಡೆಯ ಮೇಲೆ ಒಂದೇ ಒಂದು ಮರದ ನೆರಳಿಲ್ಲ, ಟೋಪಿ ಇಟ್ಟುಕೊಳ್ಳಿ.

ಚೀಲಹೆಗಲು

ಗೋಡೆಗೆ ಸಂಜೆ ಹೋಗಲಿ ಸರ್, ಬೆಳಿಗ್ಗೆ ಯಾಕೆ? ದೀಪ ಹಚ್ಚಿದ ಮೇಲೆ ನೋಡಬೇಕು.

ನಕ್ಷೆಪ್ರಿಯ

ಜೂನ್ ತಿಂಗಳಾದರೆ ಹೂಂ ಅನ್ನುತ್ತಿದ್ದೆ. ಇಡೀ ಚೀನಾಕ್ಕೆ ಒಂದೇ ಗಡಿಯಾರ, ಶಿಯಾನ್ ಇರುವುದು ಪಶ್ಚಿಮಕ್ಕೆ, ಹಾಗಾಗಿ ಅಲ್ಲಿ ನಡುಮಧ್ಯಾಹ್ನ ಆಗುವುದೇ 12:45ರ ಸುಮಾರಿಗೆ. ಜೂನ್‌ನಲ್ಲಿ ಸೂರ್ಯ ಮುಳುಗುವುದು ಎಂಟರ ಹತ್ತಿರ. ಆಗ ಸಂಜೆ ಆರಕ್ಕೆ ಹತ್ತಿದರೆ ಬಿಸಿಲೂ ಇಳಿದಿರುತ್ತದೆ, ಬೆಳಕೂ ಇರುತ್ತದೆ, ಇಳಿಯುವಾಗ ದೀಪವೂ ಸಿಗುತ್ತದೆ. ಅಕ್ಟೋಬರ್ ಮೂರನೇ ವಾರ ಆರೂಕಾಲಿಗೆಲ್ಲ ಕತ್ತಲು ಶುರು. ಬೌದ್ಧ ಗೋಪುರದ ದೇವಸ್ಥಾನ ಸಂಜೆಯೇ ಮುಚ್ಚುವುದರಿಂದ ಮಧ್ಯಾಹ್ನ ಅದಕ್ಕೇ ಬೇಕು. ಬೆಳಿಗ್ಗೆ ಎಂಟಕ್ಕೆ ಗೋಡೆ, ಜನವೂ ಕಡಿಮೆ.

ಮೂರನೇ ವಾರ ಅಂದದ್ದು ಪುಣ್ಯ. ಅಕ್ಟೋಬರ್ 1ರಿಂದ ಒಂದು ವಾರ ರಾಷ್ಟ್ರೀಯ ರಜೆ. ಆಗ ಹುಯಿಮಿನ್ ಬೀದಿಯಲ್ಲಿ (ಮುಸ್ಲಿಂ ತಿಂಡಿ ಬೀದಿ) ನಾವು ನಡೆಯಬೇಕಿಲ್ಲ, ಜನವೇ ತಳ್ಳಿಕೊಂಡು ಹೋಗುತ್ತಾರೆ.

ಒಗ್ಗರಣೆ

ಊಟದ ಮಾತಿಗೆ ಬರೋಣ. ಸಸ್ಯಾಹಾರಿಗಳಿಗೆ ಶಿಯಾನ್ ಬೀಜಿಂಗ್‌ಗಿಂತ ವಾಸಿ. ಇದು ಗೋಧಿ ಸೀಮೆ. ಮಾಂಸವಿಲ್ಲದ ಹಿಟ್ಟಿನ ತಿಂಡಿಗಳು ಇಲ್ಲಿ ಯಾರಿಗೋಸ್ಕರ ಬೇರೆ ಮಾಡಿದವಲ್ಲ, ಊರಿನವರೇ ದಿನಾ ತಿನ್ನುವಂಥವು.

ಮೊದಲು ಎಚ್ಚರಿಕೆ. “ಚಿಂಗ್‌ಝೆನ್” ಎಂಬ ಹಸಿರು ಬೋರ್ಡ್ ಇದ್ದರೆ ಹಂದಿ ಇಲ್ಲ ಎಂದಷ್ಟೇ ಅರ್ಥ. ಸಸ್ಯಾಹಾರ ಅಂತಲ್ಲ, ಅಲ್ಲಿನ ಸಾರೆಲ್ಲ ದನದ್ದೋ ಕುರಿಯದ್ದೋ ಮೂಳೆಯದ್ದು. ಹಾಗೇ “ತರಕಾರಿ ನೂಡಲ್ಸ್” ಅಂದರೆ ಮೇಲೆ ತರಕಾರಿ, ಕೆಳಗೆ ಮೂಳೆ ಸಾರು ಇರಬಹುದು. ಸಾರಿಲ್ಲದ, ಕಲಸಿ ತಿನ್ನುವ ಬಗೆಯನ್ನೇ ಆರಿಸಿ, ಅರ್ಧ ಚಿಂತೆ ಅಲ್ಲೇ ಮುಗಿಯಿತು.

ಹೇಳಬೇಕಾದ ಮಾತು: “ವೋ ಚ್ರ್ ಸೂ” (ನಾನು ಸಸ್ಯಾಹಾರಿ). ಇದೊಂದೇ ಸಾಲದು, ಚೂರು ಖೀಮಾ ಉದುರಿಸಿದ್ದನ್ನು ಕೆಲವರು ಮಾಂಸ ಅಂತ ಎಣಿಸುವುದಿಲ್ಲ. ಬಿಡಿಸಿ ಹೇಳಿ: “ಬು ಯಾವ್ ರೋ” ಮಾಂಸ ಬೇಡ, “ಬು ಯಾವ್ ರೋ ಟಾಂಗ್” ಮಾಂಸದ ಸಾರು ಬೇಡ, “ಬು ಯಾವ್ ಜಿದಾನ್” ಮೊಟ್ಟೆ ಬೇಡ. ಉಚ್ಚಾರ ಕೈಕೊಡುವುದು ಖಂಡಿತ, ಆದ್ದರಿಂದ ಇದೇ ಸಾಲುಗಳನ್ನು ಚೀನೀ ಲಿಪಿಯಲ್ಲಿ ಮೊಬೈಲ್ ಗ್ಯಾಲರಿಯಲ್ಲಿ ಸ್ಕ್ರೀನ್‌ಶಾಟ್ ಮಾಡಿಟ್ಟುಕೊಳ್ಳಿ. ನೆಟ್ ಇಲ್ಲದಿದ್ದರೂ ತೋರಿಸಬಹುದು.

ತಿನ್ನಬಹುದಾದದ್ದು:

ಲಿಯಾಂಗ್‌ಪಿ. ಆವಿಯಲ್ಲಿ ಬೆಂದ ಪಿಷ್ಟದ ಹಾಳೆಯನ್ನು ಪಟ್ಟಿ ಕತ್ತರಿಸಿ, ವಿನೆಗರ್, ಬೆಳ್ಳುಳ್ಳಿ ನೀರು, ಮೆಣಸಿನಕಾಯಿ ಎಣ್ಣೆ, ಸೌತೆಕಾಯಿ, ಮೊಳಕೆಕಾಳು ಹಾಕಿ ಕಲಸಿದ್ದು. ಜೊತೆಗೆ ಸ್ಪಂಜಿನಂಥ ತುಂಡುಗಳಿರುತ್ತವೆ. ಅದನ್ನು ಮಾಂಸವೆಂದು ಎತ್ತಿಡುವವರಿದ್ದಾರೆ, ಅದು ಗೋಧಿಯ ಅಂಟು, ತಿನ್ನಿ.

ಯೋಪೊ ಮಿಯೆನ್. ಎರಡು ಬೆರಳಗಲದ ನೂಡಲ್ಸ್ ಬೇಯಿಸಿ, ಮೇಲೆ ಮೆಣಸಿನಪುಡಿ, ಬೆಳ್ಳುಳ್ಳಿ, ಈರುಳ್ಳಿಸೊಪ್ಪು ಇಟ್ಟು, ಹೊಗೆಯಾಡುವ ಎಣ್ಣೆ ಸುರಿಯುತ್ತಾರೆ. ಚುಂಯ್ ಅನ್ನುವ ಸದ್ದು ಅಡುಗೆಮನೆಯಿಂದ ಕೇಳಿಸುತ್ತದೆ. ಮೇಲೆ ಖೀಮಾ ಹಾಕುವುದುಂಟು, “ಬು ಯಾವ್ ರೋ” ಮೊದಲೇ ಹೇಳಿ. ಬಂದ ಕೂಡಲೇ ತಳದಿಂದ ಮೇಲಕ್ಕೆ ಕಲಸಬೇಕು, ಎರಡು ನಿಮಿಷ ಫೋಟೊ ತೆಗೆಯುತ್ತ ಕೂತರೆ ಎಲ್ಲ ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುತ್ತದೆ.

ಝೆಂಗ್‌ಗಾವ್. ಅಂಟಕ್ಕಿ, ಒಣ ಕೆಂಪು ಬೋರೆಹಣ್ಣು, ಕೆಂಪು ಕಾಳನ್ನು ಪದರ ಪದರವಾಗಿ ಹಾಕಿ ಗಂಟೆಗಟ್ಟಲೆ ಆವಿಯಲ್ಲಿ ಬೇಯಿಸಿದ ಸಿಹಿ. ಬೆಳಗಿನ ತಿಂಡಿ ಇದು, ಹತ್ತರ ಮೇಲೆ ಹೋದರೆ ತಪ್ಪಲೆಯ ತಳವೇ ಸಿಗುವುದು. ಭಾರವಾಗಿರುತ್ತದೆ, ಇಬ್ಬರಿಗೆ ಒಂದು ಸಾಕು.

ತ್ಸಾಯ್‌ಜ್ಯಾಮೊ. ರೊಟ್ಟಿ ಸೀಳಿ ಹಸಿಮೆಣಸು, ಆಲೂಗಡ್ಡೆ ಪಲ್ಯ ತುಂಬಿದ್ದು. ಬೇಯಿಸಿದ ಮೊಟ್ಟೆ ಹಿಚುಕಿ ಸೇರಿಸುವ ರೂಢಿಯಿದೆ, ಅದನ್ನು ಬೇಡ ಅನ್ನಿ. ರೋಜ್ಯಾಮೊ ಅಂದರೆ ಮಾಂಸ ತುಂಬಿದ್ದು, ಗೊಂದಲ ಬೇಡ.

ಹಲಸಿನಷ್ಟು ಸಿಹಿಯಾದ ಲಿನ್‌ಟಾಂಗ್ ಪರ್ಸಿಮನ್ ಹಣ್ಣಿನ ತಿರುಳನ್ನು ಹಿಟ್ಟಿಗೆ ಕಲಸಿ ಎಣ್ಣೆಯಲ್ಲಿ ಬೇಯಿಸುವ ಶಿಝಿ ಬಿಂಗ್ ಕೂಡ ಮುಸ್ಲಿಂ ಬೀದಿಯಲ್ಲಿ ಕೊಂಡರೆ ಹಂದಿ ಕೊಬ್ಬಿನ ಭಯವಿಲ್ಲ. ಹೂರಣ ಬಿಸಿ ಇರುತ್ತದೆ, ಕಚ್ಚಿದೊಡನೆ ನಾಲಿಗೆ ಸುಡುತ್ತದೆ.

ಈರುಳ್ಳಿ ಬೆಳ್ಳುಳ್ಳಿಯೂ ಬೇಡ ಅನ್ನುವವರಿದ್ದರೆ ಬೌದ್ಧ ದೇವಸ್ಥಾನಗಳ ಬಳಿಯ ಸಸ್ಯಾಹಾರಿ ಊಟದ ಮನೆಗಳನ್ನು ಹುಡುಕಿ. ಬೌದ್ಧ ಪದ್ಧತಿಯಲ್ಲಿ ಅವೂ ವರ್ಜ್ಯ. ಮೆನುವಿನಲ್ಲಿ “ಹಂದಿ”, “ಮೀನು” ಅಂತ ಕಂಡರೆ ಗಾಬರಿ ಬೇಡ, ಸೋಯಾದಲ್ಲಿ ಮಾಡಿದ ನಕಲು.

ಗಿರ್ಮಿಟ್ ಗದಗ

ಒಗ್ಗರಣೆ ಅಕ್ಕಾರ, ನೀವು ಹೇಳಿದ್ದೆಲ್ಲಾ ಖರೆ. ಆದ್ರ ಉಳಿದ ಇಬ್ಬರು ತಿನ್ನಾವ್ರ ಅದಾರಲ್ಲಾ, ಅವರಿಗೆ ಪಾವ್‌ಮೊ ಹೇಳದ ಹೋದ್ರ ಹೆಂಗ್ರೀ?

ಮಾಂಸದ ಸಾರಿನ್ಯಾಗ ರೊಟ್ಟಿ ಚೂರು ಬೇಯಿಸಿ ಕೊಡ್ತಾರ. ಮೊದಲ ಒಂದು ಮಾತು: ಯಾಂಗ್‌ರೋ ಅಂದ್ರ ಕುರಿ, ನಿಯುರೋ ಅಂದ್ರ ದನ. ಎರಡೂ ಒಂದ ಅಂಗಡ್ಯಾಗ ಸಿಗ್ತಾವ, ಬೋರ್ಡಿನ್ಯಾಗ ಬಾಜೂ ಬಾಜೂ ಇರ್ತಾವ. ದನ ತಿನ್ನದವ್ರು ಯಾಂಗ್‌ರೋ ಅಂತ ಎರಡು ಸಲ ಹೇಳ್ರಿ.

ಕೂತ ಕೂಡ್ಲೇ ಊಟ ಬರಂಗಿಲ್ಲ. ಖಾಲಿ ಬಟ್ಟಲ, ಎರಡು ದಪ್ಪ ರೊಟ್ಟಿ ತಂದಿಡ್ತಾರ. ಕೈ ತೊಳಕೊಂಡು ಬಂದು ನೀವ ಹರೀಬೇಕು. ಮೊದಲ ರೊಟ್ಟಿ ಅಡ್ಡ ಸೀಳಿ ಎರಡು ತೆಳ್ಳನ ಪದರ ಮಾಡ್ರಿ, ಆಮ್ಯಾಲ ನಾಲ್ಕು ತುಂಡು, ಆಮ್ಯಾಲ ಬೆರಳ ತುದಿಲೆ ಸೋಯಾ ಕಾಳಿನಷ್ಟು ಸಣ್ಣಂಗ ಚಿವುಟೋದು. ಇಪ್ಪತ್ತು ನಿಮಿಷ ಬೇಕ. ಅಷ್ಟು ಸಣ್ಣದು ಯಾಕಂದ್ರ, ಆ ರೊಟ್ಟಿ ಹಿಟ್ಟಿನ್ಯಾಗ ಹತ್ತರಾಗ ಒಂಬತ್ತು ಪಾಲು ಹುದುಗದ ಹಿಟ್ಟು, ಗಟ್ಟಿ ಇರ್ತದ. ದೊಡ್ಡ ತುಂಡು ಒಗದ್ರ ಮ್ಯಾಲ ಮೆತ್ತಗ, ನಡುವ ಒಣಾ ಹಿಟ್ಟು. ಹಂಗಂತ ಪುಡಿ ಮಾಡಬ್ಯಾಡ್ರಿ, ಗಂಜಿ ಆಗ್ತದ. ಅವಸರಕ್ಕ ಮಷಿನ್‌ಲೆ ಕತ್ತರಿಸಿದ್ದೂ ಕೊಡ್ತಾರ, ಅದರ ಅಂಚು ನುಣ್ಣಗ ಇರೋದ್ರಿಂದ ಸಾರು ಹಿಡಿಯೂದಿಲ್ಲ.

ಹರದ ಮ್ಯಾಲ ಬಟ್ಟಲದ ಜೋಡಿ ನಂಬರಿನ ಬಿಲ್ಲೆ ಇಟ್ಟು ಒಳಗ ಒಯ್ತಾರ. ಸಾರು ಎಷ್ಟು ಬೇಕು ಅಂತ ಆವಾಗ ಹೇಳ್ಬೇಕು: ಗಾನ್‌ಪಾವ್ ಅಂದ್ರ ಸಾರು ಪೂರಾ ಹೀರಿದ್ದು, ಕೋಟಾಂಗ್ ಅಂದ್ರ ಕಡೀಕ ಒಂದು ಗುಟುಕು ಸಾರು ಉಳಿಯೂ ಹಂಗ, ಶುಯಿವೇಯ್‌ಚೆಂಗ್ ಅಂದ್ರ ಸುತ್ತೂ ಸಾರು. ಹೊಸಬರಿಗೆ ಕೋಟಾಂಗ್ ಛೊಲೋ. ಬಂದ ಮ್ಯಾಲ ಚಮಚ ಹಾಕಿ ಗಿರಗಿರ ತಿರುವಬ್ಯಾಡ್ರಿ, ರೊಟ್ಟಿ ಕದಡಿ ಬಿಸಿ ಆರಿಹೋಗ್ತದ. ಒಂದು ಅಂಚಿನಿಂದ ಒಳಗ ತಿನ್ಕೋತ ಹೋಗ್ರಿ. ಜೋಡಿಗೆ ಸಿಹಿ ಉಪ್ಪಿನಕಾಯಿ ಬೆಳ್ಳುಳ್ಳಿ ಇಡ್ತಾರ, ಕೊಬ್ಬಿನ ಜಿಡ್ಡಿಗೆ ಅದ ಮದ್ದು.

ಎರಡು ರೊಟ್ಟಿ ಒಬ್ಬರಿಗೆ ಭಾಳ ಆಗ್ತದ. ಒಂದ ಸಾಕು ಅನ್ರಿ.

ತುಂಗಾತೀರ

ಹುಯಿಮಿನ್ ಬೀದಿಯಲ್ಲಿ ಎಲ್ಲಿ ತಿನ್ನುವುದು? ಬರೀ ಪ್ರವಾಸಿಗರ ಬೀದಿ ಅಂತ ಬೈಯುವವರೇ ಜಾಸ್ತಿ.

ಗಿರ್ಮಿಟ್ ಗದಗ

ನಗಾರಿ ಗೋಪುರದಿಂದ ಉತ್ತರಕ್ಕ ಹೋಗೂ ಬೇಯುವಾನ್‌ಮೆನ್ ಬೀದಿಗೆ ಬೈತಾರ್ರಿ, ಅದು ಖರೆ ಪ್ರವಾಸಿಗಳದ್ದ. ಎಲ್ಲಾ ಅಂಗಡ್ಯಾಗೂ ಅದ ಕಡ್ಡಿಗೆ ಚುಚ್ಚಿದ ಸ್ಕ್ವಿಡ್. ಸಮುದ್ರ ಎಷ್ಟು ದೂರ ಐತಿ ಅಂತ ಕೇಳಬ್ಯಾಡ್ರಿ! ಅಲ್ಲಿಂದ ಪಶ್ಚಿಮಕ್ಕ ಶಿಯಾಂಗ್‌ಶಿ, ದಾಪಿಯುವಾನ್ ಓಣಿ, ಇನ್ನೂ ಮುಂದ ಸಾಜಿನ್‌ಚ್ಯಾವ್. ಊರಾಗಿನವ್ರು ತಿನ್ನೂದು ಅಲ್ಲಿ. ಸಾಜಿನ್‌ಚ್ಯಾವ್‌ಗೆ 1ನೇ ಮಾರ್ಗದ ಮೆಟ್ರೋ ಸ್ಟೇಷನ್ನೂ ಐತಿ. ಮುಂಜಾನೆ ಏಳಕ್ಕ ಹೋದ್ರ ಝೆಂಗ್‌ಗಾವ್, ಮೆಣಸಿನ ಘಾಟಿನ ಹುಲಾಟಾಂಗ್ ಸಾರು ಬಿಸಿ ಬಿಸಿ. ಹುಲಾಟಾಂಗ್‌ನ್ಯಾಗ ದನದ ಮಾಂಸದ ಉಂಡಿ ಇರ್ತಾವ, ನೋಡಿ ತಗೋರಿ.

ಮಿಠಾಯಿ, ಬಾದಾಮಿ ತಗೊಳ್ಳೋ ಮುಂದ ಬೋರ್ಡ್ ನೋಡ್ರಿ. ರೇಟು ಒಂದು ಜಿನ್‌ಗೋ ಒಂದು ಲಿಯಾಂಗ್‌ಗೋ? ಜಿನ್ ಅಂದ್ರ 500 ಗ್ರಾಂ, ಲಿಯಾಂಗ್ ಅಂದ್ರ 50 ಗ್ರಾಂ. ಸೋವಿ ಅಂತ ಅರ್ಧ ಕೆಜಿ ಕಟ್ಟಿಸಿದವ್ರಿಗೆ ಹತ್ತು ಪಟ್ಟು ಬಿಲ್ ಬರ್ತದ.

ಇಟ್ಟಿಗೆಗಾರೆ

ಅದೇ ಬೀದಿಯ ಪಕ್ಕದ ಹುವಾಜುಯೆ ಓಣಿಯಲ್ಲಿ ದೊಡ್ಡ ಮಸೀದಿ. ತಿನ್ನುವ ಗದ್ದಲದಲ್ಲಿ ಇದನ್ನು ಬಿಡಬೇಡಿ, ಟಿಕೆಟ್ 25 ಯುವಾನ್ ಆಸುಪಾಸು. ಸ್ಥಾಪನೆ 742ರಲ್ಲಿ ಎಂಬ ನಂಬಿಕೆ, ಈಗಿರುವ ಕಟ್ಟಡಗಳು ಬಹುತೇಕ ಮಿಂಗ್ ಕಾಲದವು. ಗುಮ್ಮಟವಿಲ್ಲ, ನೀಳ ಮಿನಾರಿಲ್ಲ. ಮರದ ಕಂಬ, ಬಾಗಿದ ಚಾವಣಿ, ಅಂಗಳದ ಹಿಂದೆ ಅಂಗಳ. ಚೀನೀ ದೇವಾಲಯಗಳು ಸಾಮಾನ್ಯವಾಗಿ ಉತ್ತರ-ದಕ್ಷಿಣದ ಅಕ್ಷದಲ್ಲಿದ್ದರೆ ಇದು ಪೂರ್ವ-ಪಶ್ಚಿಮ, ಮೆಕ್ಕಾ ಇರುವ ದಿಕ್ಕು ಪಶ್ಚಿಮವಾದ್ದರಿಂದ. ಪ್ರಾರ್ಥನಾ ಮಂದಿರದೊಳಗೆ ಮುಸ್ಲಿಮರಲ್ಲದವರಿಗೆ ಪ್ರವೇಶವಿಲ್ಲ, ಬಾಗಿಲಿಂದ ನೋಡಬಹುದು. ಶುಕ್ರವಾರ ಮಧ್ಯಾಹ್ನ ತಪ್ಪಿಸಿ. ಹಿರಿಯರು ಕೂತು ಸುಧಾರಿಸಿಕೊಳ್ಳಲು ಇಡೀ ಹಳೇ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಗಂಟೆ ಗೋಪುರ 1384ರದ್ದು, ಆದರೆ ಆ ಜಾಗದ್ದಲ್ಲ. ಊರು ಬೆಳೆದು ನಡುಬಿಂದು ಸರಿದಾಗ 1582ರಲ್ಲಿ ಬಿಚ್ಚಿ ತಂದು ಈಗಿನ ವೃತ್ತದಲ್ಲಿ ಜೋಡಿಸಿದರು. ಒಳಗೆ ಹತ್ತದಿದ್ದರೂ ನಷ್ಟವಿಲ್ಲ. ಹತ್ತುವ ಆಸೆಯಿದ್ದರೆ ಗಂಟೆ ಗೋಪುರ, ನಗಾರಿ ಗೋಪುರ ಎರಡರ ಜಂಟಿ ಟಿಕೆಟ್ 50.

ಬೇಲಿನ್ ಬಗ್ಗೆ: 1087ರಲ್ಲಿ ಶುರುವಾದ ಶಿಲಾಶಾಸನಗಳ ಸಂಗ್ರಹ. ಚೀನೀ ಓದಲು ಬಾರದವರಿಗೂ ಎರಡು ವಸ್ತು ಸಾಕು. ಒಂದು, 781ರ ಶಾಸನ, ಸಿರಿಯಾದ ಕ್ರೈಸ್ತರು ಚೀನಾಕ್ಕೆ ಬಂದ ಕಥೆ ಅದರಲ್ಲಿದೆ. ಕೆಳಗೆ, ಪಕ್ಕಗಳಲ್ಲಿ ಸಿರಿಯಾಕ್ ಅಕ್ಷರ ಹುಡುಕಿ. ಇನ್ನೊಂದು, ತಾಂಗ್ ಚಕ್ರವರ್ತಿ ತಾಯ್‌ಝೊಂಗ್‌ನ ಆರು ಕುದುರೆಗಳ ಉಬ್ಬುಶಿಲ್ಪ. ಆರರಲ್ಲಿ ಅಸಲಿ ನಾಲ್ಕು ಮಾತ್ರ ಇಲ್ಲಿವೆ, ಎರಡು ಅಮೆರಿಕದ ಫಿಲಡೆಲ್ಫಿಯಾದಲ್ಲಿವೆ.

ಒಗ್ಗರಣೆ

ಮೇಷ್ಟ್ರೇ, ನಮ್ಮ ಪುಲಿಕೇಶಿಯ ಮಾತು ಬರಲೇ ಇಲ್ಲ?

ಇಟ್ಟಿಗೆಗಾರೆ

ಅದು ಮಧ್ಯಾಹ್ನದ ಭಾಗ. ಪಟ್ಟಿಯಲ್ಲಿರುವ ಬೌದ್ಧ ಗೋಪುರ ಅಂದರೆ ದೊಡ್ಡ ಕಾಡುಬಾತು ಗೋಪುರ, ಅಲ್ಲಿಯವರ ಬಾಯಲ್ಲಿ ದಾಯಾನ್‌ಟಾ. ನಮ್ಮ ಶಾಲಾ ಪುಸ್ತಕದ ಹ್ಯೂಯೆನ್ ತ್ಸಾಂಗ್ 645ರಲ್ಲಿ ಭಾರತದಿಂದ 657 ಗ್ರಂಥಗಳನ್ನು ಹೊತ್ತು ತಂದ. ಅವನ್ನು ಬೆಂಕಿಯಿಂದ ಕಾಪಾಡಲು 652ರಲ್ಲಿ ಈ ಗೋಪುರ ಕಟ್ಟಿಸಿದ್ದು. ಮೊದಲು ಐದು ಅಂತಸ್ತು, 8ನೇ ಶತಮಾನದ ಆರಂಭದಲ್ಲಿ ಮತ್ತೆ ಕಟ್ಟಿದರು, ಈಗ ಏಳು, ಎತ್ತರ 64.5 ಮೀಟರ್. ಇದೇ ಮನುಷ್ಯ ಚಾಲುಕ್ಯರ ನಾಡಿಗೂ ಬಂದಿದ್ದ. ಇಮ್ಮಡಿ ಪುಲಿಕೇಶಿಯ ಹೆಸರು ಹೇಳಿ, ಹರ್ಷನಿಗೂ ಈ ಜನರನ್ನು ಮಣಿಸಲಾಗಲಿಲ್ಲ ಎಂದು ಬರೆದಿಟ್ಟ. ಐಹೊಳೆಯ ಶಾಸನ ನಮ್ಮ ಕಡೆಯ ಸಾಕ್ಷಿ ಆದರೆ, ಎದುರು ಪಕ್ಷವಲ್ಲದ ಮೂರನೆಯವನ ಸಾಕ್ಷಿ ಕೂತು ಬರೆದದ್ದು ಈ ಊರಿನಲ್ಲಿ. ಕನ್ನಡಿಗರು ಸೈನಿಕರನ್ನು ಬಿಟ್ಟರೂ ಇದನ್ನು ಬಿಡಬಾರದು ಅನ್ನುವುದು ಅದಕ್ಕೇ.

ಗೋಪುರ ಒಂದು ಮೀಟರಿನಷ್ಟು ವಾಲಿದೆ. ಸುತ್ತಲಿನ ಅಂತರ್ಜಲ ಎತ್ತಿ ನೆಲ ಕುಸಿದದ್ದು ಕಾರಣ. ಬಾವಿಗಳಿಗೆ ಕಡಿವಾಣ ಹಾಕಿದ ಮೇಲೆ ನಿಂತಿತು. ಒಳಗಿನ ಮೆಟ್ಟಿಲು ಮರದ್ದು, ಇಕ್ಕಟ್ಟು, ಮೇಲಿನ ಕಿಟಕಿಯೂ ಚಿಕ್ಕದು. ಹಿರಿಯರು ಹತ್ತುವುದು ಬೇಡ, ದೇವಸ್ಥಾನದ ಅಂಗಳದಿಂದಲೇ ಚೆನ್ನ.

ಚೀಲಹೆಗಲು

ಮೊಬೈಲ್ ಮತ್ತು ದುಡ್ಡಿನ ವಿಷಯ ಯಾರೂ ಎತ್ತಿಲ್ಲ. ಊರಲ್ಲೇ ಇದ್ದಾಗ ಮಾಡಬೇಕಾದ ಕೆಲಸ ಇವು.

ದುಡ್ಡು ಕೊಡುವ ಚೀನೀ ಆ್ಯಪ್ ಅಲಿಪೇ ಹಾಕಿಕೊಂಡು, ಪಾಸ್‌ಪೋರ್ಟ್ ಫೋಟೊ ಕೊಟ್ಟು, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ. ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಆನ್‌ಲೈನ್ ವ್ಯವಹಾರ ತೆರೆದಿರಬೇಕು. ಓಟಿಪಿ ಬರುವುದು ಭಾರತದ ನಂಬರಿಗೆ, ಅದಕ್ಕೇ ಇಲ್ಲಿಂದಲೇ ಜೋಡಿಸಿ ಮುಗಿಸಿ. ಒಂದು ವಹಿವಾಟು 200 ಯುವಾನ್ ಒಳಗಿದ್ದರೆ ಅವರ ಶುಲ್ಕವಿಲ್ಲ, ಮೇಲಾದರೆ ಶೇ. 3. ನಾಲ್ವರಿಗೆ ಒಟ್ಟಿಗೆ ಗೋಡೆಯ ಟಿಕೆಟ್ 216 ಆಗುತ್ತದೆ, ಇಬ್ಬಿಬ್ಬರದು ಬೇರೆ ಮಾಡಿಸಿ. ಎರಡು ಬ್ಯಾಂಕಿನ ಎರಡು ಕಾರ್ಡ್ ಇರಲಿ, ಒಂದನ್ನು ಬ್ಯಾಂಕೇ ಅನುಮಾನಿಸಿ ತಡೆದರೆ ಇನ್ನೊಂದು. ನಗದು ಕಾನೂನಿನ ಪ್ರಕಾರ ನಡೆಯುತ್ತದೆ, ಆದರೆ ಗಾಡಿಯವರ ಹತ್ತಿರ 100ಕ್ಕೆ ಚಿಲ್ಲರೆ ಇರುವುದಿಲ್ಲ. ಹತ್ತು ಇಪ್ಪತ್ತರ ನೋಟು ಇಟ್ಟುಕೊಳ್ಳಿ.

ಗೂಗಲ್ ನಕ್ಷೆ ನಂಬಬೇಡಿ. ತೆರೆದರೂ ಚೀನಾದಲ್ಲಿ ನಕ್ಷೆಯ ಅಕ್ಷಾಂಶಗಳನ್ನು ಬೇರೆ ಪದ್ಧತಿಯಲ್ಲಿ ಸರಿಸಿರುವುದರಿಂದ ನೀವು ನಿಂತ ಜಾಗ ನೂರಾರು ಮೀಟರ್ ಆಚೆ ತೋರಿಸುತ್ತದೆ. ಗಾವ್‌ಡೆ ನಕ್ಷೆ ಹಾಕಿಕೊಳ್ಳಿ. ವಾಟ್ಸ್‌ಆ್ಯಪ್ ಹೋಟೆಲ್ ವೈಫೈನಲ್ಲಿ ಓಡುವುದಿಲ್ಲ, ಭಾರತದ ಸಿಮ್ ರೋಮಿಂಗ್ ಅಥವಾ ಹೊರದೇಶದ ಇ-ಸಿಮ್‌ನಲ್ಲಿ ಓಡುತ್ತದೆ.

ಸಾರ್ವಜನಿಕ ಶೌಚಾಲಯ ಬೇಕಾದಷ್ಟಿವೆ, ಚೊಕ್ಕಟ ಕೂಡ. ಹೆಚ್ಚಿನವು ಕುಕ್ಕರಗಾಲಿನವು, ನೀರಿನ ವ್ಯವಸ್ಥೆ ಇರುವುದಿಲ್ಲ, ಕಾಗದವೂ ಇರದೇ ಇರಬಹುದು. ಚೀಲದಲ್ಲಿ ಟಿಶ್ಯೂ, ಚಿಕ್ಕ ನೀರಿನ ಬಾಟಲಿ.

ನಕ್ಷೆಪ್ರಿಯ

ತುಂಗಾತೀರ ಅವರೇ, ಎಲ್ಲ ಜೋಡಿಸಿದರೆ ಹೀಗೆ. ಏಳಕ್ಕೆ ಸಾಜಿನ್‌ಚ್ಯಾವ್‌ನಲ್ಲಿ ತಿಂಡಿ. ಮೆಟ್ರೋದಲ್ಲಿ ಯೊಂಗ್‌ನಿಂಗ್‌ಮೆನ್‌ಗೆ ಬಂದು ಎಂಟೂಕಾಲಿಗೆ ಗೋಡೆ. ಇಬ್ಬರು ಸೈಕಲ್ ತುಳಿಯಲಿ, ಇಬ್ಬರು ನಡೆದು ಬೇಲಿನ್‌ಗೆ ಇಳಿಯಲಿ, ಹತ್ತೂವರೆಗೆ ಅಲ್ಲೇ ಸೇರಿ. ಹನ್ನೆರಡಕ್ಕೆ ಊಟ, ಮಸೀದಿ. ಎರಡೂವರೆಗೆ ಝೊಂಗ್‌ಲೋದಿಂದ 2ನೇ ಮಾರ್ಗದಲ್ಲಿ ಶಿಯಾವ್‌ಝಾಯ್, ಅಲ್ಲಿ 3ಕ್ಕೆ ಬದಲಾಯಿಸಿದರೆ ಮುಂದಿನದೇ ದಾಯಾನ್‌ಟಾ. ಕತ್ತಲಾದ ಮೇಲೆ ಗೋಪುರದ ದಕ್ಷಿಣಕ್ಕಿರುವ ದೀಪದ ಬೀದಿಯಲ್ಲಿ ನಡೆದು, 4ನೇ ಮಾರ್ಗದ ದಾತಾಂಗ್ ಫುರೊಂಗ್‌ಯುವಾನ್ ನಿಲ್ದಾಣದಲ್ಲಿ ಮೆಟ್ರೋ ಹಿಡಿಯಿರಿ. ದಾಯಾನ್‌ಟಾಕ್ಕೆ ವಾಪಸು ಬಂದರೆ ರಾತ್ರಿ ಅಲ್ಲಿ ಒಳಗೆ ಹೋಗಲೇ ಸಾಲು.

ಪ್ರಾಂತೀಯ ಇತಿಹಾಸ ಮ್ಯೂಸಿಯಂ ಪಟ್ಟಿಯಿಂದ ತೆಗೆದಿದ್ದೇನೆ. ಉಚಿತ ಟಿಕೆಟ್ಟು ದಿನಗಳ ಮುಂಚೆ ಬಿಟ್ಟ ಕೂಡಲೇ ಖಾಲಿ, ಸೋಮವಾರ ರಜೆ ಬೇರೆ. ವಸ್ತುಗಳನ್ನು ನೋಡಲೇಬೇಕೆಂದರೆ ಚಿಕ್ಕ ಕಾಡುಬಾತು ಗೋಪುರದ ಪಕ್ಕದ ಶಿಯಾನ್ ಮ್ಯೂಸಿಯಂ ಇದೆ, ಅದಕ್ಕೆ ಮಂಗಳವಾರ ರಜೆ.

ತುಂಗಾತೀರ

ಬರೆದುಕೊಂಡೆ. ಲಿಯಾಂಗ್‌ಪಿ ಮನೆಯಲ್ಲಿ ಮಾಡಿ ನೋಡಿ ಹೋಗೋಣ ಅಂತ ಇಲ್ಲಿ ಆಸೆ. ಒಗ್ಗರಣೆ ಮೇಡಂ, ಸಾಧ್ಯವೇ?

ಒಗ್ಗರಣೆ

ಸಾಧ್ಯ, ಹಿಂದಿನ ರಾತ್ರಿಯೇ ಶುರು ಮಾಡಬೇಕು. ಮೈದಾ 500 ಗ್ರಾಂ, ಒಂದು ಚಮಚ ಉಪ್ಪು, ಸುಮಾರು 250 ಮಿ.ಲೀ. ನೀರು, ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಮುಚ್ಚಿಡಿ. ಆಮೇಲೆ ಒಂದು ಲೀಟರ್ ನೀರಿನಲ್ಲಿ ಉಂಡೆಯನ್ನು ಬಟ್ಟೆ ಹಿಂಡಿದಂತೆ ಹಿಂಡಿ, ಹಾಲಿನಂಥ ನೀರನ್ನು ಬೇರೆ ಪಾತ್ರೆಗೆ ಸೋಸಿ. ಹೊಸ ನೀರು ಹಾಕಿ ಮತ್ತೆ. ನಾಲ್ಕೈದು ಸಲಕ್ಕೆ ನೀರು ತಿಳಿಯಾಗಿ, ಕೈಯಲ್ಲಿ ರಬ್ಬರಿನಂಥ ಅಂಟು ಉಳಿಯುತ್ತದೆ. ಅದಕ್ಕೆ ಚಿಟಿಕೆ ಸೋಡಾ ನಾದಿ ಇಪ್ಪತ್ತು ನಿಮಿಷ ಆವಿಯಲ್ಲಿ ಬೇಯಿಸಿದರೆ ಆ ಸ್ಪಂಜಿನ ತುಂಡು.

ಪಿಷ್ಟದ ನೀರು ಫ್ರಿಜ್ಜಿನಲ್ಲಿ ರಾತ್ರಿಯಿಡೀ ಕೂರಲಿ. ಬೆಳಿಗ್ಗೆ ಮೇಲಿನ ತಿಳಿನೀರು ಅಲ್ಲಾಡಿಸದೆ ಬಗ್ಗಿಸಿ, ತಳದ ಗಷ್ಟನ್ನು ಕದಡಿದರೆ ಹಾಲಿನ ಕೆನೆಯ ಹದ ಇರಬೇಕು. ಚಪ್ಪಟೆ ತಟ್ಟೆಗೆ ಎಣ್ಣೆ ಸವರಿ, ಎರಡು ಮಿ.ಮೀ. ದಪ್ಪ ಹೊಯ್ದು, ಕುದಿಯುವ ನೀರಿನ ಮೇಲೆ ಮುಚ್ಚಿ ಎರಡು ಮೂರು ನಿಮಿಷ. ಮೇಲೆ ದೊಡ್ಡ ಗುಳ್ಳೆ ಎದ್ದರೆ ಬೆಂದಿದೆ. ತಟ್ಟೆಯ ತಳವನ್ನು ತಣ್ಣೀರಿನ ಮೇಲೆ ತೇಲಿಸಿ ಆರಿದ ಮೇಲೆ ಸುಲಿಯಿರಿ.

ಬಿಸಿಯಲ್ಲೇ ಎಳೆದರೆ ಹರಿಯುತ್ತದೆ. ಮಡಚಿದಾಗ ಬಿರುಕು ಬಿಟ್ಟರೆ ಹಿಟ್ಟು ಗಟ್ಟಿಯಾಯಿತು, ಇನ್ನಷ್ಟು ನೀರು ಬೇಕು. ಒಂದು ಹಾಳೆ ತೆಳು, ಇನ್ನೊಂದು ದಪ್ಪ ಬಂದರೆ ಗಷ್ಟು ತಳದಲ್ಲೇ ಕೂತಿದೆ, ಪ್ರತಿ ಸೌಟಿಗೂ ಕದಡಿ. ಗೋಧಿಹಿಟ್ಟು ಬೇಡ, ಹೊಟ್ಟಿನಿಂದ ಬೂದು ಬಣ್ಣ ಬಂದು ಹಾಳೆ ಒರಟಾಗುತ್ತದೆ. ಮೆಣಸಿನ ಎಣ್ಣೆಗೆ ಬ್ಯಾಡಗಿಯನ್ನೇ ಪುಡಿ ಮಾಡಿ. ಶಾನ್‌ಶಿಯ (ಶಿಯಾನ್ ಇರುವ ಪ್ರಾಂತ) ಮೆಣಸಿನಕಾಯಿಯೂ ಹಾಗೇ, ಬಣ್ಣ ಪರಿಮಳ ಜಾಸ್ತಿ, ಖಾರ ಹಿತ. ಎಣ್ಣೆ ಹೊಗೆಯಾಡಿದ ಮೇಲೆ ಒಲೆಯಿಂದ ಇಳಿಸಿ ಒಂದು ನಿಮಿಷ ಬಿಟ್ಟು ಮೂರು ಸಲಕ್ಕೆ ಸುರಿಯಿರಿ. ಒಂದೇ ಸಲ ಸುರಿದರೆ ಪುಡಿ ಕಪ್ಪಾಗಿ ಕಹಿ ಬರುತ್ತದೆ.

ತುಂಗಾತೀರ

ಕೊನೆಯದೊಂದು. ಮಾರನೇ ಬೆಳಿಗ್ಗೆ ಚೆಂಗ್ಡು ರೈಲಿಗೆ ಎಷ್ಟು ಮುಂಚೆ ಹೊರಡಬೇಕು?

ನಕ್ಷೆಪ್ರಿಯ

ಬುಲೆಟ್ ರೈಲು ಹೊರಡುವುದು ಉತ್ತರ ನಿಲ್ದಾಣದಿಂದ, ಹಳೇ ಶಿಯಾನ್ ನಿಲ್ದಾಣದಿಂದಲ್ಲ. ಟಿಕೆಟ್ಟಿನ ಹೆಸರು ಒಮ್ಮೆ ನೋಡಿಕೊಳ್ಳಿ. ಝೊಂಗ್‌ಲೋದಿಂದ 2ನೇ ಮಾರ್ಗದಲ್ಲಿ ಬೇಯ್‌ಕೆಝಾನ್‌ಗೆ ಅರ್ಧ ಗಂಟೆ ಬೇಕು, ನಿಲ್ದಾಣದಲ್ಲಿ ಒಂದು ಗಂಟೆ ಕೈಯಲ್ಲಿರಲಿ. ಕಾಗದದ ಟಿಕೆಟ್ ಇಲ್ಲ, ಪಾಸ್‌ಪೋರ್ಟೇ ಟಿಕೆಟ್. ಸ್ವಯಂಚಾಲಿತ ಗೇಟು ಪಾಸ್‌ಪೋರ್ಟ್ ಓದದಿದ್ದರೆ ಅಂಚಿನಲ್ಲಿ ಸಿಬ್ಬಂದಿ ನಿಂತ ಸಾಲಿಗೆ ಹೋಗಿ. ರೈಲು ಹೊರಡುವ ಕೆಲವು ನಿಮಿಷ ಮುಂಚೆಯೇ ಗೇಟು ಮುಚ್ಚುತ್ತಾರೆ, ಓಡಿ ಹತ್ತುವ ಮಾತಿಲ್ಲ. ತಪಾಸಣೆಯಲ್ಲಿ ಹಣ್ಣು ಕೊಯ್ಯುವ ಚಾಕು, ದೊಡ್ಡ ಡಿಯೋಡರೆಂಟ್ ಡಬ್ಬಿ ತೆಗೆದಿಟ್ಟುಕೊಳ್ಳುತ್ತಾರೆ. ದಾರಿಯುದ್ದಕ್ಕೂ ಚಿನ್‌ಲಿಂಗ್ ಬೆಟ್ಟದ ಸುರಂಗಗಳು, ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ, ಚೆಂಗ್ಡು ಹೋಟೆಲಿನ ವಿಳಾಸ ಚೀನೀ ಲಿಪಿಯಲ್ಲಿ ಮೊದಲೇ ಉಳಿಸಿಕೊಳ್ಳಿ.

ಗಿರ್ಮಿಟ್ ಗದಗ

ರೈಲಿನ್ಯಾಗಿನ ಊಟದ ಡಬ್ಬಿ ಬಹಳಷ್ಟು ಮಾಂಸದ್ದ ಇರ್ತಾವ್ರಿ. ಸಸ್ಯಾಹಾರದವ್ರಿಗೆ ಮುಂಜಾನೆ ತ್ಸಾಯ್‌ಜ್ಯಾಮೊ ಎರಡೆರಡು ಕಟ್ಟಿಸ್ಕೊಳ್ರಿ, ಪಲ್ಯ ಬ್ಯಾರೆ ರೊಟ್ಟಿ ಬ್ಯಾರೆ. ತುಂಬಿ ಒಯ್ದ್ರ ತಾಸಿನ್ಯಾಗ ರೊಟ್ಟಿ ಮೆತ್ತಗಾಗಿ ತಳ ಒಡೀತದ.